ಮತ್ತೊಮ್ಮೆ ಕೇಳಬೇಕಾದ ಕೆಲವು ರಾಕ್ ಧ್ವನಿಮುದ್ರಿಕೆಗಳು

‘ರಾಕ್’ ಎಂಬ ಇಂಗ್ಲಿಷ್ ಶಬ್ದವನ್ನು ಕೇಳಿದೊಡನೆ ನಮ್ಮ ಕಡೂರು ಸೀಮೆಯವರಿಗೆ ನೆನಪಾಗುವುದು ಬಂಡೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನೇಗಿಲು ಹೂಡಿದರೆ ಮೊದಲು ಸಿಕ್ಕುವುದು ಅದೇ. ಆದರೆ ಸಂಗೀತದ ಮಾತು ಬಂದಾಗ ಆ ಶಬ್ದಕ್ಕೂ ಕಲ್ಲಿಗೂ ಸಂಬಂಧವಿಲ್ಲ. ತೂಗು, ಓಲಾಡು ಎಂಬ ಅರ್ಥದ ಕ್ರಿಯಾಪದವದು. ಇಂಗ್ಲಿಷ್ ತಾಯಂದಿರು ತೊಟ್ಟಿಲು ತೂಗುವುದಕ್ಕೂ ಆ ಶಬ್ದವನ್ನೇ ಬಳಸುತ್ತಾರೆ. ಕೇಳುವವನ ಮೈಯನ್ನು ತೂಗಿಸುವ ಸಂಗೀತ ಎಂದು ತಿಳಿದರೆ ಸದ್ಯಕ್ಕೆ ಸಾಕು.

ಕನ್ನಡ, ಇತಿಹಾಸ, ರಾಜ್ಯಶಾಸ್ತ್ರಗಳನ್ನು ಐಚ್ಛಿಕವಾಗಿ ಓದುತ್ತಿರುವ ನನಗೆ ಈ ವಿಷಯದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ನನ್ನ ಗೆಳತಿಯರೂ ಕೇಳಿದ್ದಾರೆ. ಸಂಚಿಕೆಗೆ ಲೇಖನ ಕೊಡಿರೆಂದು ಅಧ್ಯಾಪಕರು ಸೂಚಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಲಕ್ಷ್ಮೀಶ ಕವಿಯೋ ಅಮೃತಮಹಲ್ ದನಗಳೋ ಇರಬೇಕು. ದೇವನೂರು ನಮ್ಮ ತಾಲ್ಲೂಕಿನದು, ಅಮೃತಮಹಲ್ ತಳಿಯ ಕೇಂದ್ರ ಇರುವುದು ನಮ್ಮ ಅಜ್ಜಂಪುರದಲ್ಲಿ. ಎರಡನ್ನು ಕುರಿತೂ ಹಿಂದಿನವರು ಸಾಕಷ್ಟು ಬರೆದಿದ್ದಾರೆ. ನಾನು ಬರೆಯಹೊರಟಿರುವ ವಿಷಯವನ್ನು ನಮ್ಮಲ್ಲಿ ಬರೆದವರು ನನ್ನ ಕಣ್ಣಿಗೆ ಬಿದ್ದಿಲ್ಲ. ಅದೂ ಅಲ್ಲದೆ, ಇದು ನಮ್ಮ ಮನೆಯ ವಿಷಯ. ಹೇಗೆಂಬುದು ಮುಂದೆ ತಿಳಿಯುತ್ತದೆ.

ಮೊದಲು ರಾಕ್ ಸಂಗೀತದ ಲಕ್ಷಣವನ್ನು ಸ್ವಲ್ಪ ನೋಡೋಣ. ಅಮೆರಿಕದ ನೀಗ್ರೋ ಜನರೆಂದು ಹಿಂದಿನ ಪುಸ್ತಕಗಳು ಕರೆಯುತ್ತಿದ್ದ ಕಪ್ಪುಜನರ ಬ್ಲೂಸ್ ಹಾಡುಗಳಿಂದಲೂ ಹಳ್ಳಿಗರ ಹಾಡುಗಳಿಂದಲೂ ಇದು 1950ರ ದಶಕದಲ್ಲಿ ರೂಪುಗೊಂಡಿತು. ಇದರ ಜೀವ ಇರುವುದು ತಾಳದಲ್ಲಿ. ನಾಲ್ಕು ಮಾತ್ರೆಗಳ ಒಂದು ಆವರ್ತವನ್ನು ಬೆರಳಿನಲ್ಲಿ ಎಣಿಸಿಕೊಳ್ಳಿ. ನಮ್ಮ ಭಜನೆಯಲ್ಲಿ ತಾಳದ ಪೆಟ್ಟು ಒಂದನೆಯ ಮಾತ್ರೆಯ ಮೇಲೆ ಗಟ್ಟಿಯಾಗಿ ಬೀಳುತ್ತದೆ. ರಾಕ್‌ನಲ್ಲಾದರೋ ಎರಡನೆಯ ಮತ್ತು ನಾಲ್ಕನೆಯ ಮಾತ್ರೆಗಳ ಮೇಲೆ ಪೆಟ್ಟು. ಒಂದರಲ್ಲಿ ಕಾಲೂರಿ ಎರಡರಲ್ಲಿ ಎತ್ತಿದಂತೆ. ಆದ್ದರಿಂದಲೇ ಮೈ ತೂಗುವುದು. ಚಪ್ಪಾಳೆ ತಟ್ಟಿ ನೋಡಿದರೆ ಈ ಭೇದ ಒಂದು ನಿಮಿಷದಲ್ಲಿ ತಿಳಿಯುತ್ತದೆ, ಪುಸ್ತಕ ಓದಿದರೆ ತಿಳಿಯುವುದಿಲ್ಲ.

ಇನ್ನೊಂದು ಲಕ್ಷಣ ವಿದ್ಯುತ್ ಗಿಟಾರು. ಇದರ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತಗಳಿದ್ದು ಅವುಗಳ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ ಇರುತ್ತದೆ. ತಂತಿ ಮಿಡಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ; ಅದನ್ನು ಆಂಪ್ಲಿಫಯರ್ ದೊಡ್ಡದು ಮಾಡುತ್ತದೆ. ಆ ಯಂತ್ರಕ್ಕೆ ತಾಳಲಾರದಷ್ಟು ಬಲವನ್ನು ಕೊಟ್ಟರೆ ಧ್ವನಿ ಒಡೆದು ಗರಗರ ಎನ್ನತೊಡಗುತ್ತದೆ. ನಮ್ಮೂರ ಮದುವೆಗಳಲ್ಲಿ ಮೈಕ್‌ಸೆಟ್ಟಿನವನು ಇದನ್ನೇ ಮಾಡಿ ಬೈಗುಳ ತಿನ್ನುತ್ತಾನೆ. ರಾಕ್‌ನವರು ಅದನ್ನು ಬೇಕೆಂದೇ ಮಾಡಿ ಚಪ್ಪಾಳೆ ಗಿಟ್ಟಿಸುತ್ತಾರೆ. ಈ ಸಂಗತಿಯನ್ನು ನನಗೆ ತಿಳಿಸಿಕೊಟ್ಟವಳು ಬಿ.ಎಸ್‌ಸಿ. ತರಗತಿಯ ಗೆಳತಿ, ತಪ್ಪಿದ್ದರೆ ಅದು ನನ್ನ ಗ್ರಹಿಕೆಯ ದೋಷ.

ಇನ್ನು ಧ್ವನಿಮುದ್ರಿಕೆಯ ವಿಷಯ. ಹಳೆಯ ಗ್ರಾಮಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು; ಒಂದು ಪಕ್ಕದಲ್ಲಿ ಮೂರು ನಾಲ್ಕು ನಿಮಿಷದ ಹಾಡಷ್ಟೇ ಹಿಡಿಯುತ್ತಿತ್ತು. ಅಂಥ ಹಲವು ತಟ್ಟೆಗಳನ್ನು ಫೋಟೋ ಪುಸ್ತಕದಂತೆ ಒಟ್ಟಿಗೆ ಕಟ್ಟಿ ಮಾರುತ್ತಿದ್ದುದರಿಂದ ಅದಕ್ಕೆ ‘ಆಲ್ಬಂ’ ಎಂಬ ಹೆಸರು ಬಂತು. 1948ರಲ್ಲಿ ಅಮೆರಿಕದ ಕೊಲಂಬಿಯ ಕಂಪನಿ ನಿಧಾನವಾಗಿ ತಿರುಗುವ ದೊಡ್ಡ ತಟ್ಟೆಯನ್ನು ಹೊರತಂದಿತು. ಒಂದು ಪಕ್ಕಕ್ಕೆ ಇಪ್ಪತ್ತು ನಿಮಿಷಕ್ಕೂ ಮೇಲೆ. ಆಮೇಲೆ ಕಲಾವಿದರು ಬಿಡಿ ಹಾಡಿನ ಬದಲು ಒಂದು ತಟ್ಟೆಯನ್ನೇ ಒಂದು ಕೃತಿಯೆಂದು ಭಾವಿಸತೊಡಗಿದರು. ಕವನಸಂಕಲನದಲ್ಲಿ ಕವಿತೆಗಳ ಅನುಕ್ರಮಕ್ಕೆ ಒಂದು ಅರ್ಥವಿರುವ ಹಾಗೆ ತಟ್ಟೆಯ ಹಾಡುಗಳ ಅನುಕ್ರಮಕ್ಕೂ ಅರ್ಥ ಬಂತು. ಈಗ ನಾವು ಫೋನಿನಲ್ಲಿ ಕೇಳುವವರು. ಯಂತ್ರವೇ ಮುಂದಿನ ಹಾಡನ್ನು ಆರಿಸಿ ಬಡಿಸುತ್ತದೆ. ಹತ್ತು ಲಕ್ಷ ಜನ ಕೇಳಿದ ಹಾಡು ಹನ್ನೊಂದನೆಯ ಲಕ್ಷದವನಿಗೂ ಸಿಕ್ಕುತ್ತದೆ. ಅದರ ಪಕ್ಕದಲ್ಲೇ ಇದ್ದ ಹಾಡು ಯಾರಿಗೂ ಸಿಕ್ಕುವುದಿಲ್ಲ.

ಹೀಗೆ ಮರೆಗೆ ಸರಿದ ತಟ್ಟೆಗಳು ಎಲ್ಲ ದೇಶಗಳಲ್ಲೂ ಇವೆ. ಇಂಗ್ಲೆಂಡಿನ ‘ಜಾಂಬೀಸ್’ ಎಂಬ ತಂಡ 1968ರಲ್ಲಿ ‘ಒಡೆಸ್ಸೆ ಅಂಡ್ ಒರಾಕಲ್’ ಎಂಬುದನ್ನು ಹೊರತಂದಿತು. ಅದು ಅಂಗಡಿಗೆ ಬರುವ ಹೊತ್ತಿಗೆ ತಂಡವೇ ಒಡೆದುಹೋಗಿತ್ತು. ಅದರ ಒಂದು ಹಾಡು ಮಾರನೆಯ ವರ್ಷ ಅಮೆರಿಕದಲ್ಲಿ ಜಯಭೇರಿ ಬಾರಿಸಿದಾಗ ಹಾಡಲು ತಂಡವಿರಲಿಲ್ಲ. ಆ ತಟ್ಟೆಯ ಹೊದಿಕೆಯ ಮೇಲೆ ಒಂದು ಕಾಗುಣಿತದ ತಪ್ಪು ಹಾಗೆಯೇ ಉಳಿದಿದೆ. ಇಂಗ್ಲಿಷ್ ಪತ್ರಿಕೆಯಲ್ಲಿ ಕಾಗುಣಿತಕ್ಕೆ ಅಂಕ ಕಳೆದುಕೊಳ್ಳುವ ನನ್ನಂಥವರಿಗೆ ಇದೊಂದು ಸಮಾಧಾನ. ಅಮೆರಿಕದ ಡೆಟ್ರಾಯಿಟ್ ನಗರದ ರಾಡ್ರಿಗಸ್ ಎಂಬಾತ 1970ರಲ್ಲಿ ‘ಕೋಲ್ಡ್ ಫ್ಯಾಕ್ಟ್’ ಎಂಬುದನ್ನು ಹಾಡಿದ. ಸ್ವದೇಶದಲ್ಲಿ ಕೇಳುವವರಿಲ್ಲದೆ ಕಟ್ಟಡದ ಕೂಲಿಗೆ ಹೋದ. ಅತ್ತ ದಕ್ಷಿಣ ಆಫ್ರಿಕದಲ್ಲಿ ಆ ತಟ್ಟೆ ಮನೆಮಾತಾಗಿತ್ತು. ಅದು ಅವನಿಗೆ ಎಷ್ಟೋ ವರ್ಷ ತಿಳಿಯಲೇ ಇಲ್ಲ. ಈತನನ್ನು ಕುರಿತ ಸಾಕ್ಷ್ಯಚಿತ್ರ 2012ರಲ್ಲಿ ಬಂದು ಮರುವರ್ಷ ಆಸ್ಕರ್ ಪಡೆಯಿತು.

ಇರಲಿ, ಪರದೇಶದ ಮಾತು ಸಾಕು. ನಮ್ಮ ನಾಡಿಗೆ ಬರೋಣ.

ನಾನು ಮೊದಲು ಹೇಳಬೇಕಾದದ್ದು ಮೈಸೂರಿನ ರಘು ದೀಕ್ಷಿತರ ‘ಅಂತರಾಗ್ನಿ’ ಎಂಬ ಆಲ್ಬಂ ಅನ್ನು. ಇದು ಬಂದದ್ದು 2008ರಲ್ಲಿ. ದೀಕ್ಷಿತರು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವರು, ಭರತನಾಟ್ಯ ಕಲಿತವರು. ಸಹಪಾಠಿಯೊಬ್ಬ ಹಂಗಿಸಿದ್ದಕ್ಕೆ ಪಂತ ಕಟ್ಟಿ ಗಿಟಾರು ಕಲಿತೆನೆಂದು ತಾವೇ ಹೇಳಿಕೊಂಡಿದ್ದಾರೆ. ಕಂಪನಿಗಳು ಬೇಡವೆಂದ ಹಾಡುಗಳನ್ನು ಹಿಂದಿ ಚಿತ್ರಸಂಗೀತದ ವಿಶಾಲ್-ಶೇಖರ್ ಜೋಡಿ ತಮ್ಮದೇ ಒಂದು ಸಂಸ್ಥೆಯಿಂದ ಹೊರತಂದಿತು. 2010ರಲ್ಲಿ ಬಿ.ಬಿ.ಸಿ. ದೂರದರ್ಶನದ ಪ್ರಸಿದ್ಧ ಸಂಗೀತ ಕಾರ್ಯಕ್ರಮದಲ್ಲಿ ಲುಂಗಿಯುಟ್ಟು ಗೆಜ್ಜೆ ಕಟ್ಟಿ ಹಾಡಿ ಬಂದ ಮೇಲೆ ಹೆಸರು ದೊಡ್ಡದಾಯಿತು. ಹೀಗಿರುವಾಗ ಇದನ್ನು ಮರೆತ ತಟ್ಟೆಯೆಂದು ಹೇಗೆ ಕರೆಯುತ್ತೀಯೆಂದು ಕೇಳಿದರೆ, ಹೆಸರಾದದ್ದು ಹಾಡುಗಾರರು, ತಟ್ಟೆಯಲ್ಲ ಎಂಬುದೇ ನನ್ನ ಉತ್ತರ. ಅದರಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರು ಭಾಷೆಯ ಹಾಡುಗಳೂ ಇವೆ. ಮೈಸೂರಿನ ಹುಡುಗಿಯ ಮೇಲಿನ ಹಿಂದಿ ಹಾಡು ನಮ್ಮ ಕಾಲೇಜಿನಲ್ಲಿಯೂ ಕೇಳಿಬಂದಿದೆ. ಅದೇ ತಟ್ಟೆಯಲ್ಲಿ ಶಿಶುನಾಳ ಶರೀಫರ ಎರಡು ತತ್ತ್ವಪದಗಳಿವೆಯೆಂದು ನನ್ನ ತರಗತಿಯಲ್ಲಿ ಕೇಳಿದಾಗ ಒಂದನ್ನು ಬಲ್ಲವರು ಹಲವರು, ಎರಡನ್ನೂ ಬಲ್ಲವರು ಒಬ್ಬರೂ ಇರಲಿಲ್ಲ.

ಆ ಒಂದು ‘ಗುಡುಗುಡಿ’ಯ ಪದ, ಇನ್ನೊಂದು ಸೋರುವ ಮಾಳಿಗೆಯ ಪದ.

ಶರೀಫರ (1819–1889) ಊರು ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳ. ಮುಸಲ್ಮಾನರಾಗಿ ಹುಟ್ಟಿ, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣರಿಗೆ ಶಿಷ್ಯರಾಗಿ, ಎರಡು ಕಡೆಯವರಿಂದಲೂ ಮಾತು ಕೇಳಿ, ಎರಡು ಕಡೆಯವರಿಗೂ ಬೇಕಾದವರು. ಅವರ ಪದಗಳಿಗೆ ಸಿ. ಅಶ್ವತ್ಥರು ಕೊಟ್ಟ ಮಟ್ಟುಗಳು 1990ರ ‘ಸಂತ ಶಿಶುನಾಳ ಶರೀಫ’ ಚಲನಚಿತ್ರದ ಮೂಲಕ ಮನೆಮನೆಯನ್ನು ಸೇರಿದವು. ಆದರೆ ನಮ್ಮ ಮನೆಯನ್ನು ಅವು ಸೇರಿದ್ದು ಅದಕ್ಕೂ ಮೊದಲು, ಬೇರೆ ದಾರಿಯಿಂದ. ನನ್ನ ಅಜ್ಜ ನಮ್ಮೂರಿನ ಭಜನೆ ಮಂಡಳಿಯಲ್ಲಿ ದಮ್ಮಡಿ ಬಾರಿಸುವವರು. ಅಜ್ಜಂಪುರದಿಂದ ಒಳಕ್ಕಿರುವ ಸಣ್ಣ ಊರು ನಮ್ಮದು. ಈರುಳ್ಳಿ ಬೆಳೆದು ಬೆಲೆ ಬಿದ್ದಾಗ ಅಳುವುದು, ಸೋಮವಾರ ರಾತ್ರಿ ಭಜನೆ ಮಾಡುವುದು, ಇವೆರಡೂ ಊರಿನ ಪದ್ಧತಿ. ಮಂಡಳಿಯಲ್ಲಿ ಒಂದು ಕಾಲಕ್ಕೆ ಒಂಬತ್ತು ಜನ ಇದ್ದರಂತೆ. ಈಗ ಮೂವರು. ಹಾರ್ಮೋನಿಯಂ ನುಡಿಸುವವರಿಲ್ಲದೆ ಪೆಟ್ಟಿಗೆಯಲ್ಲಿದೆ.

ಪ್ರಾಮಾಣಿಕವಾಗಿ ಹೇಳುವುದಾದರೆ, ಕಾಲೇಜಿಗೆ ಸೇರಿದ ಮೊದಲ ವರ್ಷ ನಾನು ಈ ಭಜನೆಯ ವಿಷಯವನ್ನು ಯಾರ ಮುಂದೆಯೂ ಎತ್ತುತ್ತಿರಲಿಲ್ಲ. ನಮ್ಮ ವಂಶದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹತ್ತಿದವರು ಕೆಳಗಿನದನ್ನು ಕೆಳಗೇ ಬಿಟ್ಟುಬರಬೇಕೆಂದು ಯಾರೂ ಹೇಳಿರಲಿಲ್ಲ. ನಾನೇ ಹಾಗೆ ತಿಳಿದುಕೊಂಡಿದ್ದೆ. ಹೀಗಿರಲಾಗಿ ಒಂದು ದಿನ ಅಜ್ಜಂಪುರದಿಂದ ಕಡೂರಿಗೆ ಬರುವ ಬಸ್ಸಿನಲ್ಲಿ, ತರೀಕೆರೆ ಕಡೆಯ ಸಹಪಾಠಿಯೊಬ್ಬ ಕೇಳು ಎಂದು ಫೋನಿನ ತಂತಿಯನ್ನು ನನ್ನ ಕೈಗೆ ಕೊಟ್ಟ. ಗಿಟಾರು, ಪಿಟೀಲು, ಡ್ರಮ್ಮುಗಳ ನಡುವೆ ಬರುತ್ತಿದ್ದದ್ದು ನನ್ನ ಅಜ್ಜನ ಪದ. ಬೀರೂರು ಬಂದದ್ದು ನನಗೆ ಗೊತ್ತಾಗಲಿಲ್ಲ.

ಆ ಸಂಜೆ ಅಜ್ಜನಿಗೆ ಕೇಳಿಸಿದೆ. ಕಿವಿಗೆ ಸಿಕ್ಕಿಸಿದ್ದನ್ನು ಎರಡು ಸಲ ಕಿತ್ತು ನೋಡಿ, ಮತ್ತೆ ಸಿಕ್ಕಿಸಿಕೊಂಡು, ಪೂರ್ತಿ ಕೇಳಿದರು. ತೊಡೆಯ ಮೇಲೆ ಬೆರಳು ಆಡುತ್ತಲೇ ಇತ್ತು.

“ಇದು ನಮ್ಮ ಪದಾನೇ ಕಣವ್ವ. ಯಾವೂರ ಭಜನೆಯೋನು ಇವನು?” ಎಂದರು.

“ಮೈಸೂರಿನವರು ಅಜ್ಜ.”

“ಮೈಸೂರಿನಾಗೂ ಹಾಡ್ತಾರೋ! ಏನು ಕೂಗ್ತಾನೆ!”

ಅಜ್ಜನಿಗೆ ಹಿಡಿಸಲಿಲ್ಲವೆಂದು ನಾನು ಮುಖ ಸಣ್ಣದು ಮಾಡಿಕೊಂಡೆ. ಅವರು ಅದನ್ನು ಕಂಡು, “ಕೂಗಲೇಬೇಕು ತಾಯಿ. ಶಿವರಾತ್ರಿ ಜಾಗರಣೇಲಿ ಎರಡು ಗಂಟೆ ಮೇಲೆ ಮೆತ್ತಗೆ ಹಾಡಿದ್ರೆ ಹಿಮ್ಮೇಳದೋರೇ ಗೊರಕೆ ಹೊಡೀತಾರೆ” ಎಂದರು. ಬಳಿಕ ಸ್ವಲ್ಪ ಯೋಚಿಸಿ, “ಒಂದೇ ತಪ್ಪು. ಒಂದು ನುಡಿ ಮುಗೀತಿದ್ದಂಗೇ ವಾದ್ಯ ನುಗ್ಗಿಬಿಡುತ್ತೆ. ಅರ್ಥ ಕುಂತ್ಕೊಳ್ಳೋಕೆ ಜಾಗ ಬಿಡಲ್ಲ” ಎಂದು ಸೇರಿಸಿದರು.

ಪಾಶ್ಚಾತ್ಯ ಸಂಗೀತವನ್ನು ಕುರಿತು ನಾನು ಓದಿದ ವಿಮರ್ಶೆಗಳಲ್ಲಿ ಇಷ್ಟು ನೇರವಾದದ್ದು ಇನ್ನೊಂದಿಲ್ಲ. ಗುಡುಗುಡಿಯ ಪದದಲ್ಲಿ ಶರೀಫರು ಮಾಡಿರುವುದೇನು? ಮನಸ್ಸೊಂದು ಸಂಚಿ, ಮೋಹವೆಂಬುದು ಅದರಲ್ಲಿಯ ಸೊಪ್ಪು, ಅದನ್ನು ಕೊಚ್ಚಿ ಚಿಲುಮೆಗೆ ತುಂಬಿ ಬುದ್ಧಿಯ ಕೆಂಡವಿಟ್ಟು ಸೇದಿಬಿಟ್ಟರೆ ಒಳಗಿನ ರೋಗ ಹೊರಟುಹೋಗುತ್ತದೆ. ಒಂದೊಂದು ನುಡಿಯಲ್ಲಿ ಒಂದೊಂದು ಸಾಮಾನು ಒದಗುತ್ತ ಗುಡುಗುಡಿ ಸಿದ್ಧವಾಗುತ್ತದೆ. ಭಜನೆಯಲ್ಲಿ ಪ್ರತಿ ನುಡಿಯ ಬಳಿಕ ಹಿಮ್ಮೇಳದವರು ಪಲ್ಲವಿಯನ್ನು ಎರಡು ಮೂರು ಸಲ ತಿರುಗಿಸುವುದರಿಂದ ಕೇಳುವವನಿಗೆ ಆ ಸಾಮಾನನ್ನು ಕೈಗೆತ್ತಿಕೊಂಡು ನೋಡಲು ಸಮಯ ಸಿಕ್ಕುತ್ತದೆ. ತಟ್ಟೆಯಲ್ಲಿ ಆ ವಿರಾಮವಿಲ್ಲ. ಅದಕ್ಕೆ ಬದಲಾಗಿ ಹುರುಪಿದೆ. ಅಜ್ಜನ ಆಕ್ಷೇಪಣೆ ನ್ಯಾಯವೇ. ಆದರೂ ಇಪ್ಪತ್ತರ ವಯಸ್ಸಿನವರಿಗೆ ಮೊದಲು ಬೇಕಾದದ್ದು ಹುರುಪು, ಅರ್ಥ ಹಿಂದಿನಿಂದ ಬಂದು ಕೂಡಿಕೊಳ್ಳುತ್ತದೆ ಎಂದು ನನಗೆ ತೋರುತ್ತದೆ. ನನಗೆ ಬಂದದ್ದು ಹಾಗೆಯೇ: ಆ ಹಾಡನ್ನು ಹತ್ತು ಸಲ ಕೇಳಿದ ಮೇಲೆಯೇ ನಾನು ಅಜ್ಜನನ್ನು ಸಂಚಿ ಯಾವುದು, ಚಿಲುಮೆ ಯಾವುದು ಎಂದು ಕೇಳಿದ್ದು. ಹತ್ತೊಂಬತ್ತು ವರ್ಷ ಅದೇ ಸೂರಿನ ಕೆಳಗೆ ಅದೇ ಪದ ಕೇಳಿಯೂ ಕೇಳಿರಲಿಲ್ಲ.

ಸೂರಿನ ಮಾತು ಬಂತು. ಎರಡನೆಯ ಪದದ ವಿಷಯ ಅದೇ. ಮನೆಯ ಮಾಳಿಗೆ ಸೋರುತ್ತಿದೆ. ಅಜ್ಞಾನದ ಕತ್ತಲಲ್ಲಿ ಮೇಲೆ ಹತ್ತಿ ಮುಚ್ಚುವ ಧೈರ್ಯವಿಲ್ಲ. ತೊಲೆ ಮುರುಕು, ಜಂತೆ ಹುಳುಕು. ಶರೀಫರ ಸೀಮೆಯಲ್ಲಿ ಮಾಳಿಗೆಯೆಂದರೆ ಮಣ್ಣಿನ ಚಾವಣಿ, ನಮ್ಮದು ನಾಡಹೆಂಚು. ಸೋರುವ ವಿಷಯದಲ್ಲಿ ಎರಡಕ್ಕೂ ಭೇದವಿಲ್ಲ. ಇದನ್ನು ನಾನು ಮನೆಯಲ್ಲಿ ಹಾಕಿದ್ದು ಆಷಾಢದ ಒಂದು ರಾತ್ರಿ. ಕೊಳಗ, ಪಾತ್ರೆ, ಬಕೀಟುಗಳನ್ನು ಎಲ್ಲೆಲ್ಲಿ ಇಡಬೇಕೆಂಬುದು ನಮ್ಮ ಅವ್ವನಿಗೆ ಕಣ್ಣು ಮುಚ್ಚಿಕೊಂಡರೂ ಗೊತ್ತು. ಹಿತ್ತಾಳೆಯ ಕೊಳಗದಲ್ಲಿ ಬೀಳುವ ಹನಿಗೆ ಒಂದು ಶ್ರುತಿ, ಪ್ಲಾಸ್ಟಿಕ್ ಬಕೀಟಿಗೆ ಇನ್ನೊಂದು, ತುಂಬುತ್ತ ಬಂದಂತೆ ಎರಡೂ ಬೇರೆಯಾಗುತ್ತವೆ. ಹಾಡು ಮುಗಿದಾಗ ಅವ್ವ, “ನಮ್ಮನೆ ಮ್ಯಾಲೇ ಕಟ್ಟವ್ರಲ್ಲ” ಎಂದು ನಕ್ಕಳು. ಅಜ್ಜ ಗಂಭೀರವಾಗಿ, “ಅದು ಮನೆ ಅಲ್ಲ, ದೇಹ” ಎಂದರು. “ದೇಹ ಆದ್ರೆ ದೇಹ, ನೆನೆಯೋದು ನನ್ನ ಕೌದಿ” ಎಂದು ಅವ್ವ ಬಕೀಟು ಚೆಲ್ಲಲು ಎದ್ದುಹೋದಳು.

ಇಬ್ಬರಲ್ಲಿ ಯಾರದು ಸರಿಯಾದ ವ್ಯಾಖ್ಯಾನವೆಂದು ಪರೀಕ್ಷೆಯಲ್ಲಿ ಕೇಳಿದರೆ ನಾನು ಅಜ್ಜನದನ್ನೇ ಬರೆಯಬೇಕಾದೀತು. ಆದರೆ ಶರೀಫರು ತತ್ತ್ವ ಹೇಳಲು ಅರಮನೆಯನ್ನು ಆರಿಸಿಕೊಳ್ಳದೆ ಸೋರುವ ಮನೆಯನ್ನೇ ಆರಿಸಿಕೊಂಡರೆಂಬುದೂ ಸಣ್ಣ ಮಾತಲ್ಲ. ಗುಡುಗುಡಿಯ ಪದ ರೋಗವನ್ನು ಹೊಗೆಮಾಡಿ ಊದಿಬಿಡುತ್ತದೆ. ಮಾಳಿಗೆಯ ಪದ ಕೈಲಾಗದೆ ಕೆಳಗೆ ಕುಳಿತಿರುತ್ತದೆ. ಒಂದನ್ನು ಕೇಳಿ ಇನ್ನೊಂದನ್ನು ಬಿಟ್ಟವರು ಅರ್ಧ ಶರೀಫರನ್ನು ಮಾತ್ರ ಕೇಳಿದ ಹಾಗೆ. ದೀಕ್ಷಿತರ 2013ರ ‘ಜಗ್ ಚಂಗಾ’ ಎಂಬ ಎರಡನೆಯ ಆಲ್ಬಂನಲ್ಲಿಯೂ ‘ಲೋಕದ ಕಾಳಜಿ’, ‘ಕೋಡಗನ ಕೋಳಿ’ ಎಂಬ ಶರೀಫರ ಪದಗಳಿವೆ. ಅವು ಕೇಳಲು ಇನ್ನೂ ನಯವಾಗಿವೆ. ನನಗೆ ಮೊದಲನೆಯದರ ಒರಟುತನವೇ ಮೇಲೆನಿಸಿತು.

ಇಂಥವು ಏಕೆ ಮೂಲೆಗೆ ಬಿದ್ದವೆಂಬುದನ್ನು ನಾನು ತರ್ಕದಿಂದಲ್ಲ, ಅನುಭವದಿಂದ ಅರಿತೆ. ಕಳೆದ ವರ್ಷ ಒಂದು ಊರಿನಲ್ಲಿ ಅಂತರಕಾಲೇಜು ಗಾಯನ ಸ್ಪರ್ಧೆ ನಡೆಯಿತು. ಆ ತರೀಕೆರೆಯ ಸಹಪಾಠಿ ಗಿಟಾರು ನುಡಿಸುವುದೆಂದೂ ನಾನು ಮಾಳಿಗೆಯ ಪದ ಹಾಡುವುದೆಂದೂ ನಿಶ್ಚಯಿಸಿ ಒಂದು ತಿಂಗಳು ಅಭ್ಯಾಸ ಮಾಡಿದೆವು. ಹೋಗಿ ನೋಡಿದರೆ ಹೆಸರು ಬರೆಸಲು ಎರಡು ಮೇಜುಗಳು: ಜಾನಪದ ಒಂದು, ಪಾಶ್ಚಾತ್ಯ ಒಂದು. ಜಾನಪದದ ಮೇಜಿನವರು ಗಿಟಾರನ್ನು ನೋಡಿ, “ಇದು ಇಲ್ಲಿಗಲ್ಲ, ಅಲ್ಲಿಗೆ ಹೋಗಿ” ಎಂದರು. ಅಲ್ಲಿಗೆ ಹೋದರೆ, “ಹಾಡು ಯಾವ ಭಾಷೆ?” “ಕನ್ನಡ.” “ಹಾಗಾದರೆ ಅಲ್ಲಿಗೆ ಹೋಗಿ.” ಎರಡು ಮೇಜಿನ ನಡುವೆ ನಾಲ್ಕು ಸಲ ಓಡಾಡಿದೆವು. ನಿಯಮಾವಳಿಯ ಪ್ರಕಾರ ಅವರಿಬ್ಬರದೂ ಸರಿಯೇ ಇದ್ದೀತು. ಗಿಟಾರನ್ನು ಬಿಟ್ಟು ಹಾಡಬಹುದೆಂದು ಒಬ್ಬರು ದಯೆ ತೋರಿಸಿದರು. ತಿಂಗಳೆಲ್ಲ ಬೆರಳು ಸವೆಸಿಕೊಂಡವನನ್ನು ಕೆಳಗೆ ಕೂರಿಸಿ ನಾನೊಬ್ಬಳೇ ವೇದಿಕೆ ಹತ್ತಲು ಮನಸ್ಸಾಗಲಿಲ್ಲ. ಉಪ್ಪಿಟ್ಟು ತಿಂದು, ಬೇರೆಯವರಿಗೆ ಚಪ್ಪಾಳೆ ತಟ್ಟಿ ಬಸ್ಸು ಹತ್ತಿದೆವು. ಹಾರ್ಮೋನಿಯಂ ಕೂಡ ಒಂದು ಕಾಲಕ್ಕೆ ಫ್ರಾನ್ಸಿನಿಂದ ಬಂದ ವಾದ್ಯವೆಂದೂ ಪಿಟೀಲು ಯುರೋಪಿನದೆಂದೂ ನನಗೆ ಹೊಳೆದದ್ದು ಬಸ್ಸು ಹೊರಟ ಮೇಲೆ. ಉತ್ತರಗಳು ಯಾವಾಗಲೂ ಹಾಗೆಯೇ.

ಎರಡನೆಯದಾಗಿ, ಬೆಂಗಳೂರಿನ ‘ಸ್ವರಾತ್ಮ’ ತಂಡದ ಅದೇ ಹೆಸರಿನ ಆಲ್ಬಂ, 2009ರದು. ಇದರ ಮುಖ್ಯ ಗಾಯಕರು ವಾಸು ದೀಕ್ಷಿತ್, ರಘು ದೀಕ್ಷಿತರ ತಮ್ಮ. ಇದರಲ್ಲಿ ‘ಈ ಭೂಮಿ’ ಎಂಬ ಕನ್ನಡ ಹಾಡಿದೆ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಪ್ಯಾಸಿ’ ಎಂಬ ಹಿಂದಿ ಹಾಡು, ‘ಬಾಯಾರಿದವಳು’ ಎಂದರ್ಥ. ಬಾಯಾರಿರುವವಳು ಕಾವೇರಿ ನದಿ! ಎರಡು ರಾಜ್ಯಗಳು ಅವಳಿಗಾಗಿ ಕಚ್ಚಾಡುತ್ತಿರುವಾಗ ನದಿಯ ಪಾಡೇನೆಂಬುದು ಹಾಡಿನ ವಿಷಯ. ಮಳೆ ಕೈಕೊಟ್ಟ ವರ್ಷ ಕೊಡ ಹಿಡಿದು ಟ್ಯಾಂಕರಿಗೆ ಕಾದ ಕಡೂರಿನವರು ಇದನ್ನು ಕೇಳಬೇಕು. ನಮ್ಮಲ್ಲಿ ಕೆರೆಯ ಹಾಡಿಗೇನೂ ಬರವಿಲ್ಲ. ಮದಗದ ಕೆರೆಗೆ ಬಂದ ಮಳೆಯ ಜನಪದ ಗೀತೆ ನಮ್ಮ ಮದಗದ ಕೆರೆಯದೇ ಎಂದು ನಾವೆಲ್ಲ ವಾದಿಸುತ್ತೇವೆ. ಆದರೆ ಅದು ನೀರು ಬಂದ ಸಂಭ್ರಮ. ನೀರಿನ ಕಡೆಯಿಂದ ಜಗಳವನ್ನು ನೋಡಿದ ಹಾಡು ಬೇರೆ. ಇದು ಕನ್ನಡದಲ್ಲಿ ಇದ್ದಿದ್ದರೆ ಎಂಬ ಆಸೆ ನನಗುಳಿಯಿತು.

ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲೇ ಹಾಡುವ ತಂಡಗಳು ಹಲವು. ಅವುಗಳಲ್ಲಿ 1996ರಲ್ಲಿ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಎಂಬ ತಂಡದ 2012ರ ‘ತ್ರೀ ವೀಲ್ಸ್ ನೈನ್ ಲೈವ್ಸ್’ ಮೂರು ತಟ್ಟೆಗಳ ದೊಡ್ಡ ಕೃತಿ. ಹೆಸರಿನಲ್ಲಿರುವ ಮೂರು ಚಕ್ರ ಆಟೋರಿಕ್ಷಾದ್ದು. ‘ಮೀಟರ್ ಮೇಲೆ ಒನ್ ಅಂಡ್ ಎ ಹಾಫ್’ ಎಂಬುದು ಅದರ ಒಂದು ಹಾಡಿನ ಹೆಸರು. ಬೆಂಗಳೂರಿಗೆ ಮೊದಲ ಸಲ ಹೋಗಿ ರಾತ್ರಿ ಆಟೋ ಹಿಡಿದವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಮೂರು ತಟ್ಟೆಗಳನ್ನು ಒಂದೇ ಸಲ ಕೇಳಲು ನನಗೆ ಸಾಧ್ಯವಾಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಇಂಗ್ಲಿಷಿನ ಮಾತುಗಳು ಅರ್ಧ ಕಿವಿಯಿಂದ ಜಾರಿಹೋದವು.

ಕೊನೆಯದಾಗಿ ಒಂದು ಹಳೆಯ ಸಂಗತಿ. ಇದನ್ನು ತಿಳಿದಾಗ ನನಗೆ ಹೆಚ್ಚಿನ ಆಶ್ಚರ್ಯವಾಯಿತು. 1964ರಲ್ಲಿ ಮೃದಂಗ ವಿದ್ವಾಂಸರಾದ ಟಿ.ಎ.ಎಸ್. ಮಣಿ ಅವರು ಬೆಂಗಳೂರಿನಲ್ಲಿ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಎಂಬ ತಾಳವಾದ್ಯ ಶಾಲೆಯನ್ನು ಸ್ಥಾಪಿಸಿದರು. ಜರ್ಮನಿಯ ಮ್ಯೂನಿಕ್ ನಗರದ ‘ಎಂಬ್ರಿಯೋ’ ಎಂಬ ರಾಕ್ ತಂಡದವರು 1970ರ ದಶಕದ ಕೊನೆಯಲ್ಲಿ ಬಸ್ಸಿನಲ್ಲಿ, ನೆಲಮಾರ್ಗವಾಗಿ, ಭಾರತಕ್ಕೆ ಬಂದವರು. ದಾರಿಯುದ್ದಕ್ಕೂ ಸಿಕ್ಕಿದ ಕಲಾವಿದರೊಡನೆ ನುಡಿಸುತ್ತ ಬಂದರು. ಅವರಿಗೂ ಈ ಶಾಲೆಯವರಿಗೂ ಸ್ನೇಹವಾಯಿತು. ಆ ತಂಡದಿಂದ ಬೇರೆಯಾದವರು ‘ಡಿಸಿಡೆಂಟನ್’ ಎಂಬ ಹೊಸ ತಂಡ ಕಟ್ಟಿ 1982ರಲ್ಲಿ ಹೊರತಂದ ‘ಜರ್ಮನಿಸ್ತಾನ್’ ಎಂಬ ಆಲ್ಬಂನಲ್ಲಿ ನಮ್ಮ ಬೆಂಗಳೂರಿನವರು ಅವರ ಜೊತೆ ನುಡಿಸಿದ್ದಾರೆ. ಮರುವರ್ಷ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ ‘ಜ್ಯೋತಿ’ ಎಂಬುದು ಬಂತು. ಅದನ್ನು ರಾಕ್ ಎನ್ನುವುದಕ್ಕಿಂತ ಜಾಸ್ ಎನ್ನಬೇಕು. ಅದರಲ್ಲಿ ಹಾಡುವವರು ಆರ್.ಎ. ರಮಾಮಣಿ ಅವರು. ಮೃದಂಗದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕೊನ್ನಕ್ಕೋಲಿನಲ್ಲಿ ಅವರು ಹೆಸರಾದವರು.

ಕೊನ್ನಕ್ಕೋಲು ಎಂದರೇನೆಂದು ತಿಳಿಯದವರು ನಮ್ಮ ತರೀಕೆರೆ ಏರಿಯ ಮೇಲಿನ ಕರಿಕುರಿಮರಿಗಳನ್ನು ನೆನೆಸಿಕೊಳ್ಳಬೇಕು. ಆ ಮಾತನ್ನು ಚಿಕ್ಕಂದಿನಲ್ಲಿ ಬೇಗಬೇಗ ಹೇಳಲು ಹೋಗಿ ನಾಲಿಗೆ ತೊಡರಿಸಿಕೊಳ್ಳದವರು ಈ ಮೂರು ತಾಲ್ಲೂಕಿನಲ್ಲಿ ಇರಲಾರರು. ಅರ್ಥವನ್ನು ಬದಿಗಿಟ್ಟು, ರಕಾರ ಕಕಾರಗಳು ಬೀಳುವ ಲೆಕ್ಕವನ್ನಷ್ಟೇ ಕೇಳಿಸಿಕೊಂಡರೆ ಅದೇ ಒಂದು ತಾಳದ ಪಾಠ. ರಮಾಮಣಿಯವರ ಬಾಯಲ್ಲಿ ಅಂಥ ಸೊಲ್ಲುಗಳು ಒಂದೂ ತೊಡರದೆ ಓಡುತ್ತವೆ. ಸ್ಯಾಕ್ಸೊಫೋನು ಹಿಂದಿನಿಂದ ಬರುತ್ತದೆ, ಸಂತೆಯಲ್ಲಿ ತಾಯಿಯ ಸೆರಗು ಹಿಡಿದ ಮಗುವಿನ ಹಾಗೆ. ಪಾಶ್ಚಾತ್ಯರು ನಮ್ಮವರನ್ನು ಹಿಂಬಾಲಿಸಿದರೆಂದು ನಾನು ಜಂಬಪಡುತ್ತಿಲ್ಲ. ಅವರ ಮುಂದೆ ಎರಡು ಮೇಜುಗಳನ್ನು ಯಾರೂ ಇಟ್ಟಿರಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಈ ಮುದ್ರಿಕೆಗಳನ್ನು ಕೇಳಬೇಕೆನ್ನುವವರಿಗೆ ನನ್ನದೊಂದು ಸೂಚನೆ: ಯಂತ್ರ ಆರಿಸಿಕೊಟ್ಟ ಹಾಡನ್ನು ಬಿಟ್ಟು ಆಲ್ಬಂನ ಹೆಸರನ್ನೇ ಹುಡುಕಿ, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕೇಳಿ. ಕಡೂರಿನಿಂದ ಅಜ್ಜಂಪುರಕ್ಕೆ ಹೋಗುವ ಬಸ್ಸಿನಲ್ಲಿ, ಅದು ಎಲ್ಲ ಊರಿನಲ್ಲೂ ನಿಲ್ಲುವ ಬಸ್ಸಾದರೆ, ಒಂದು ಆಲ್ಬಂ ಆರಾಮವಾಗಿ ಮುಗಿಯುತ್ತದೆ.

ಕಳೆದ ಶಿವರಾತ್ರಿಗೆ ಆ ಸಹಪಾಠಿ ಗಿಟಾರು ತೆಗೆದುಕೊಂಡು ನಮ್ಮೂರಿಗೆ ಬಂದಿದ್ದ. ಮಂಡಳಿಯ ಮೂವರು, ಅವನು, ನಾನು ಸೇರಿ ಐವರಾದೆವು. ಹೆಂಗಸರು ಭಜನೆಗೆ ಕುಳಿತದ್ದು ನಮ್ಮೂರಿನಲ್ಲಿ ಅದೇ ಮೊದಲು. ಗಿಟಾರಿನ ಗಲಾಟೆಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ. ಅಜ್ಜ ಅವನಿಗೆ ಹಾಕಿದ ಷರತ್ತು ಒಂದೇ, ನುಡಿ ಮುಗಿದ ಮೇಲೆ ಎರಡು ಸುತ್ತು ಸುಮ್ಮನಿರಬೇಕು. ಅವನು ಮೊದಲ ಪದದಲ್ಲಿ ಮರೆತು ನುಗ್ಗಿದ; ಅಜ್ಜ ದಮ್ಮಡಿಯನ್ನು ಕೆಳಗಿಟ್ಟು ಅವನ ಮುಖವನ್ನೇ ನೋಡಿದರು. ಎರಡನೆಯ ಪದದಿಂದ ಸರಿಹೋಯಿತು.